‘ನಿಮ್ಮದೇ ರಕ್ತ’ ಅಂದರು, ನಾನೂ ಹಾಗೇ ಬರೆದೆ

ಮೊದಲು ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಕಳೆದ ದೀಪಾವಳಿಗೆ ಪತ್ರಿಕೆಯೊಂದರ ಜಿಲ್ಲಾ ಪುರವಣಿಯಲ್ಲಿ ಅರ್ಧ ಪುಟದ ಬರಹ ಬಂದಿತ್ತು. ‘ನಿಮ್ಮ ರಕ್ತವೇ ನಿಮ್ಮ ಚೆಲುವು’ ಅಂತ ತಲೆಬರಹ. ನಮ್ಮ ಹಾವೇರಿ ಕಡೆ, ಹೆದ್ದಾರಿ ಪಕ್ಕದ ಊರೊಂದರಲ್ಲಿ ಹೊಸದಾಗಿ ತೆರೆದ ಸ್ಕಿನ್ ಕ್ಲಿನಿಕ್ ಬಗ್ಗೆ. ಅಲ್ಲಿ ನಮ್ಮದೇ ರಕ್ತ ತೆಗೆದು, ಅದರ ಸಾರ ಬೇರೆ ಮಾಡಿ, ವಾಪಸ್ ಮುಖಕ್ಕೇ ಚುಚ್ಚಿ ಬಂಗು, ಸುಕ್ಕು, ಮೊಡವೆ ಗುಂಡಿ ಎಲ್ಲವನ್ನೂ ಹೋಗಲಾಡಿಸುತ್ತಾರೆ, ಯಾವ ಅಡ್ಡ ಪರಿಣಾಮವೂ ಇಲ್ಲ ಅಂತ ಬರೆದಿತ್ತು. ಕೆಳಗೆ ಯಾರ ಹೆಸರೂ ಇರಲಿಲ್ಲ. ಬರೆದವಳು ನಾನು.

ಸ್ಟ್ರಿಂಗರ್ ಕೆಲಸ ಹೇಗಿರುತ್ತೆ ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ನಮಗೆ ಸಂಬಳ ಅಂತ ಇಲ್ಲ. ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ, ಅದು ಪೆಟ್ರೋಲಿಗೆ ಸರಿಹೋಗುತ್ತೆ. ಮನೆ ನಡೆಯೋದು ಜಾಹೀರಾತಿನ ಕಮಿಷನ್ ಮೇಲೆ. ದೀಪಾವಳಿ, ಯುಗಾದಿ ಬಂತು ಅಂದರೆ ಟಾರ್ಗೆಟ್ ಬರುತ್ತೆ. ಗೊಬ್ಬರದ ಅಂಗಡಿ, ಬಂಗಾರದ ಅಂಗಡಿ, ಕಾಲೇಜು, ಗ್ರಾಮ ಪಂಚಾಯಿತಿ ಸದಸ್ಯರ ಶುಭಾಶಯ, ಹೀಗೆ ಮನೆ ಮನೆ ತಿರುಗಬೇಕು. ಆ ಕ್ಲಿನಿಕ್‌ನವರು ಕೇಳಿದ ತಕ್ಷಣ ಅರ್ಧ ಪುಟ ತಗೊಂಡರು. ಒಂದೇ ಷರತ್ತು: ಜಾಹೀರಾತಿನ ತರಹ ಕಾಣಬಾರದು, ಸುದ್ದಿ ತರಹ ಇರಬೇಕು. ಜೊತೆಗೆ, "ಮೇಡಂ, ನಿಮಗೂ ಗಲ್ಲದ ಮೇಲೆ ಬಂಗು ಐತಿ. ಬರ್ರಿ ಒಂದಿನ, ನಿಮಗ ಫ್ರೀ ಮಾಡಿ ಕೊಡ್ತೀವಿ" ಅಂದರು.

ಇದೆ, ಬಂಗು ಇದೆ. ಎರಡನೇ ಹೆರಿಗೆ ಆದಮೇಲೆ ಬಂದಿದ್ದು, ಆರು ವರ್ಷವಾಯಿತು. ಬಿಸಿಲಲ್ಲಿ ಸ್ಕೂಟಿ ಮೇಲೆ ತಿರುಗಿ ತಿರುಗಿ ಇನ್ನೂ ಗಾಢವಾಗಿದೆ. ಅವರು ಅಂದದ್ದು ನನಗೆ ಬೇಜಾರಾಗಲಿಲ್ಲ, ಆಸೆಯೇ ಆಯಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಆ ಪುರವಣಿ ಓದಿ ಹೋದವರು ಎಷ್ಟು ಜನವೋ ಗೊತ್ತಿಲ್ಲ. ಒಬ್ಬರು ಮಾತ್ರ ಗೊತ್ತು, ನಮ್ಮ ಓಣಿಯವರೇ. ಬ್ಯಾಡಗಿ ಸೀಸನ್‌ನಲ್ಲಿ ಮೆಣಸಿನಕಾಯಿ ತುಂಬು ಬಿಡಿಸುವ, ಅಂದರೆ ತೊಟ್ಟು ಕೀಳುವ ಕೆಲಸಕ್ಕೆ ಹೋಗುತ್ತಾರೆ. ಮಗಳ ಮದುವೆ ಗೊತ್ತಾಗಿತ್ತು. ಫೋಟೋದಲ್ಲಿ ಮುಖ ಚೆನ್ನಾಗಿ ಬರಲಿ ಅಂತ ಸಂಘದಲ್ಲಿ 15,000 ರೂಪಾಯಿ ಸಾಲ ತೆಗೆದು ಹೋಗಿದ್ದರು. ನನಗೆ ಹೇಳಿರಲಿಲ್ಲ. "ಪೇಪರ್‌ನಾಗ ಬಂದೈತಿ ಅಂದಮ್ಯಾಲೆ ಮತ್ತ ನಿಮ್ಮನ್ನ ಏನ್ ಕೇಳೋದೈತಿ" ಅಂತ ಆಮೇಲೆ ಅಂದರು.

ಈ ಪಿಆರ್‌ಪಿ ಅಂದರೆ ಏನು ಅಂತ ನಾನು ಬರೆಯುವ ಮೊದಲು ತಿಳಿದುಕೊಳ್ಳಬೇಕಿತ್ತು. ಬರೆದ ಮೇಲೆ ತಿಳಿದುಕೊಂಡೆ.

ಡೆಂಗಿ ಬಂದವರ ಮನೆಯಲ್ಲಿ ‘ಪ್ಲೇಟ್‌ಲೆಟ್ ಎಷ್ಟಿದೆ’ ಅನ್ನೋ ಮಾತು ಎಲ್ಲರೂ ಕೇಳಿದ್ದೇವೆ. ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು ಅವು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರಬೇಕು. ಗಾಯ ಆದಾಗ ಅವು ಅಲ್ಲಿಗೆ ಓಡಿಬಂದು ರಕ್ತ ನಿಲ್ಲಿಸುವುದಷ್ಟೇ ಅಲ್ಲ, ಗಾಯ ಮಾಯಲು ನೆರವಾಗುವ ಪ್ರೊಟೀನ್‌ಗಳನ್ನೂ ಬಿಡುತ್ತವೆ. ಕ್ಲಿನಿಕ್‌ನಲ್ಲಿ ತೋಳಿನಿಂದ ಹತ್ತು ಇಪ್ಪತ್ತು ಎಂಎಲ್ ರಕ್ತ ತೆಗೆದು, ಟ್ಯೂಬಿಗೆ ಹಾಕಿ, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಜೋರಾಗಿ ತಿರುಗಿಸುತ್ತಾರೆ. ಡೇರಿಯಲ್ಲಿ ಯಂತ್ರ ತಿರುಗಿಸಿ ಹಾಲಿನಿಂದ ಕೆನೆ ಬೇರೆ ಮಾಡುವುದಿಲ್ಲವೇ, ಅದೇ ಲೆಕ್ಕ. ಭಾರದ ಕೆಂಪು ಕಣ ತಳಕ್ಕೆ ಕೂರುತ್ತೆ, ತಿಳಿ ಹಳದಿ ಪ್ಲಾಸ್ಮಾ ಮೇಲೆ ನಿಲ್ಲುತ್ತೆ. ಅದರಲ್ಲಿ ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಸಿರಿಂಜಿನಲ್ಲಿ ಎಳೆದು ಮುಖಕ್ಕೆ ಚುಚ್ಚುತ್ತಾರೆ. ಇಲ್ಲವೇ ಸಣ್ಣ ಸೂಜಿಗಳಿರುವ ರೋಲರ್ ಅಥವಾ ಪೆನ್ನಿನಿಂದ ಮುಖದ ತುಂಬಾ ತೂತು ಮಾಡಿ ಮೇಲೆ ಸವರುತ್ತಾರೆ.

ಇದೇನು ಮೊನ್ನೆ ಹುಟ್ಟಿದ ವಿದ್ಯೆಯಲ್ಲ. ದವಡೆ, ಹಲ್ಲಿನ ಶಸ್ತ್ರಚಿಕಿತ್ಸೆಯಲ್ಲಿ 1990ರ ದಶಕದಿಂದಲೂ ಬಳಸಿದ್ದಾರೆ. ಮಂಡಿ ನೋವಿಗೆ, ಆಟಗಾರರ ಸ್ನಾಯು ಗಾಯಕ್ಕೆ, ಕೂದಲು ಉದುರುವುದಕ್ಕೆ ಕೊಡುತ್ತಾರೆ. ಮುಖಕ್ಕೆ ಮಾಡುವುದು ಜಗತ್ತಿಗೆಲ್ಲ ಗೊತ್ತಾಗಿದ್ದು 2013ರಲ್ಲಿ. ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ಮುಖದ ತುಂಬಾ ರಕ್ತ ಬಳಿದುಕೊಂಡ ಫೋಟೋ ಹಾಕಿದ್ದರು. ‘ವ್ಯಾಂಪೈರ್ ಫೇಶಿಯಲ್’ ಅಂತ ಹೆಸರಾಯಿತು. ಮತ್ತೆ ಮಾಡಿಸಿಕೊಳ್ಳಲ್ಲ ಅಂತ ಕೆಲವು ವರ್ಷಗಳ ನಂತರ ಅವರೇ ಹೇಳಿದರು. ಆ ಮಾತು ನಮ್ಮೂರಿನ ತನಕ ಬರಲಿಲ್ಲ, ಫೋಟೋ ಮಾತ್ರ ಬಂತು.

ಕ್ಲಿನಿಕ್‌ಗಳು ಇದನ್ನು ಮಾರುವುದು ಒಂದೇ ಒಂದು ಮಾತಿನ ಮೇಲೆ. ‘ನಿಮ್ಮದೇ ರಕ್ತ, ನಿಮಗೇನಾಗುತ್ತೆ?’ ಇದು ಅರ್ಧ ಸತ್ಯ. ಬೇರೆಯವರ ರಕ್ತ ಅಲ್ಲ, ಹೊರಗಿನ ರಾಸಾಯನಿಕ ಅಲ್ಲ, ಹಾಗಾಗಿ ಅಲರ್ಜಿ ಆಗುವ ಸಂಭವ ಬಹಳ ಕಡಿಮೆ. ಅಲ್ಲಿಯವರೆಗೆ ಸರಿ. ಆದರೆ ರಕ್ತ ನಮ್ಮದು ಅಂದಮಾತ್ರಕ್ಕೆ ಸೂಜಿ ನಮ್ಮದಾ? ಟ್ಯೂಬ್ ನಮ್ಮದಾ? ಯಂತ್ರ, ಟೇಬಲ್ಲು, ಚುಚ್ಚುವವರ ಕೈಗವಸು? ತೋಳಿನಿಂದ ಹೊರಟ ರಕ್ತ ಮುಖಕ್ಕೆ ಬಂದು ಸೇರುವ ತನಕ ಅರ್ಧ ಗಂಟೆ ಹೊರಗಿರುತ್ತೆ. ಆ ಅರ್ಧ ಗಂಟೆ ಅದು ಎಲ್ಲಿತ್ತು, ಯಾರ ರಕ್ತದ ಪಕ್ಕ ಇತ್ತು, ಅದೇ ವಾಪಸ್ ಬಂತಾ ಅನ್ನೋದೇ ಇಡೀ ಪ್ರಶ್ನೆ.

ನನಗೆ ಇದು ಹೊಳೆದದ್ದು ಪುಸ್ತಕ ಓದಿ ಅಲ್ಲ, ಆ ಕ್ಲಿನಿಕ್‌ನ ಕುರ್ಚಿಯಲ್ಲಿ ಕೂತಾಗ.

ಜನವರಿಯಲ್ಲಿ ಒಂದು ಭಾನುವಾರ ಹೋದೆ, ಫ್ರೀ ಅಂದಿದ್ದರಲ್ಲ. ಬೋರ್ಡ್ ಮೇಲೆ ಹೆಸರಿದ್ದ ಡಾಕ್ಟರ್ ಇರಲಿಲ್ಲ, "ಸಂಜೀಕ ಬರ್ತಾರ್ರಿ" ಅಂದರು. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿಯೊಬ್ಬಳು ರಕ್ತ ತೆಗೆದಳು. ಕೈ ಚುರುಕು, ನೋಯಲಿಲ್ಲ, ಮಾತೂ ಚೆನ್ನಾಗಿತ್ತು. ಆಗಲೇ ಇನ್ನಿಬ್ಬರು ಹೆಂಗಸರು ಮುಖಕ್ಕೆ ಮರಗಟ್ಟುವ ಕ್ರೀಮ್ ಹಚ್ಚಿಸಿಕೊಂಡು ಕಾಯುತ್ತಿದ್ದರು. ಯಂತ್ರ ನಿಂತಮೇಲೆ ಹುಡುಗಿ ಟ್ಯೂಬುಗಳನ್ನು ತೆಗೆದು ಸ್ಟ್ಯಾಂಡಿಗೆ ಸಿಕ್ಕಿಸಿದಳು. ನಾಲ್ಕು ಟ್ಯೂಬು. ಒಂದರ ಮೇಲೂ ಚೀಟಿ ಇಲ್ಲ, ಹೆಸರಿಲ್ಲ, ನಂಬರಿಲ್ಲ.

"ನಂದು ಯಾವುದು?" ಅಂದೆ.

"ಎರಡನೇದ್ರಿ ಮೇಡಂ. ನನಗ ನೆನಪೈತಿ."

ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಮುಳ್ಳಿನ ರೋಲರ್ ನೀಲಿ ದ್ರಾವಣದಲ್ಲಿ ಮುಳುಗಿತ್ತು. ಹೊಸದು ಒಡೆಯಲ್ವಾ ಅಂದೆ. "ಸ್ಪಿರಿಟ್‌ನಾಗ ಹಾಕೇವ್ರಿ, ಏನೂ ಆಗಂಗಿಲ್ಲ" ಅಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಕಲಿಸಿದ್ದನ್ನು ಅವಳು ಮಾಡುತ್ತಿದ್ದಳು. ನಾನು ಎದ್ದು ಫೋನ್ ಬಂತು ಅಂತ ಸುಳ್ಳು ಹೇಳಿ ಹೊರಗೆ ಬಂದೆ. ಕೂತಿದ್ದ ಆ ಇಬ್ಬರಿಗೆ ಏನೂ ಹೇಳಲಿಲ್ಲ. ಆವತ್ತು ಹೇಳಬೇಕಿತ್ತು. ಬಾಯಿ ಬರಲಿಲ್ಲ.

ಮನೆಗೆ ಬಂದು ಫೋನ್‌ನಲ್ಲಿ ಹುಡುಕಿದಾಗ ಸಿಕ್ಕಿದ್ದು ನ್ಯೂ ಮೆಕ್ಸಿಕೊ ಪ್ರಕರಣ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ವಾಟ್ಸ್‌ಆ್ಯಪ್ ಕತೆಯಲ್ಲ. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿದ ವರದಿ.

ನ್ಯೂ ಮೆಕ್ಸಿಕೊ ಅನ್ನೋದು ಅಮೆರಿಕದ ಒಂದು ರಾಜ್ಯ. ಅಲ್ಲಿನ ಆಲ್ಬುಕರ್ಕಿ ಎಂಬ ನಗರದ ಒಂದು ಸ್ಪಾದಲ್ಲಿ 2018ರಲ್ಲಿ ಒಬ್ಬ ಮಹಿಳೆ ಇದೇ ಫೇಶಿಯಲ್ ಮಾಡಿಸಿಕೊಂಡಿದ್ದರು. ಅವರಿಗೆ ಎಚ್‌ಐವಿ ಇದೆ ಅಂತ ಗೊತ್ತಾಯಿತು. ಸೋಂಕು ತಗಲುವ ಬೇರೆ ಯಾವ ದಾರಿಯೂ ಅವರ ಜೀವನದಲ್ಲಿ ಇರಲಿಲ್ಲ. ಅಧಿಕಾರಿಗಳು ಆ ಸ್ಪಾಗೆ ಹೋಗಿ ನೋಡಿದರೆ ಅಡುಗೆಮನೆ ಕಟ್ಟೆಯ ಮೇಲೆ ಹೆಸರಿಲ್ಲದ ರಕ್ತದ ಟ್ಯೂಬುಗಳು. ಫ್ರಿಜ್ಜಿನಲ್ಲಿ ಊಟದ ಪದಾರ್ಥದ ಪಕ್ಕದಲ್ಲೇ ರಕ್ತ, ಇಂಜೆಕ್ಷನ್ ಔಷಧಿ. ಡ್ರಾಯರಿನಲ್ಲಿ, ಕಟ್ಟೆ ಮೇಲೆ, ಕಸದ ಬುಟ್ಟಿಯಲ್ಲಿ ಬಿಚ್ಚಿದ ಸಿರಿಂಜುಗಳು. ಉಪಕರಣಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್ ಯಂತ್ರವೇ ಇಲ್ಲ. ಒಂದೇ ಸಲ ಬಳಸಿ ಎಸೆಯಬೇಕಾದ ತುದಿಗಳನ್ನು ಆಲ್ಕೋಹಾಲ್‌ನಲ್ಲಿ ಅದ್ದಿ ಮತ್ತೆ ಬಳಸುತ್ತಿದ್ದರು. ಸ್ಪಾಗೆ ಲೈಸೆನ್ಸೂ ಇರಲಿಲ್ಲ. 2018ರ ಶರತ್ಕಾಲದಲ್ಲಿ ಅದನ್ನು ಮುಚ್ಚಿಸಿದರು. ಮುಂದಿನ ವರ್ಷಗಳಲ್ಲಿ ಅಲ್ಲಿ ಮಾಡಿಸಿಕೊಂಡ ಇನ್ನೂ ಕೆಲವರಲ್ಲಿ ಎಚ್‌ಐವಿ ಪತ್ತೆಯಾಯಿತು. ಅವರ ವೈರಸ್ ಒಂದಕ್ಕೊಂದು ಹತ್ತಿರದ ಹೋಲಿಕೆ ಹೊಂದಿತ್ತು. ಕನಿಷ್ಠ ಮೂವರು ಹೆಂಗಸರಿಗೆ ಆ ಸ್ಪಾದಿಂದಲೇ ಬಂದಿರಬೇಕು ಅನ್ನುವುದು ವರದಿಯ ತೀರ್ಮಾನ. ಸೌಂದರ್ಯದ ಇಂಜೆಕ್ಷನ್‌ನಿಂದ ಎಚ್‌ಐವಿ ಹರಡಿದ್ದು ದಾಖಲಾದದ್ದು ಅದೇ ಮೊದಲು. ಸ್ಪಾ ನಡೆಸುತ್ತಿದ್ದವರು ಲೈಸೆನ್ಸ್ ಇಲ್ಲದೆ ವೈದ್ಯಕೀಯ ಮಾಡಿದ ತಪ್ಪೊಪ್ಪಿಕೊಂಡು 2022ರಲ್ಲಿ ಜೈಲಿಗೆ ಹೋದರು.

ಹೆಸರಿಲ್ಲದ ಟ್ಯೂಬು ಅನ್ನೋ ಸಾಲು ಬಂದಾಗ ನಾನು ಫೋನ್ ಕೆಳಗಿಟ್ಟೆ.

ಮೂರು ಸತಿ ಓದಿದ ಮೇಲೆ ಓಣಿಯ ಆ ಅಕ್ಕನ ಮನೆಗೆ ಹೋದೆ. ಅಷ್ಟರಲ್ಲಿ ಅವರಿಗೆ ಎರಡು ಸಿಟ್ಟಿಂಗ್ ಆಗಿತ್ತು. ನವೆಂಬರ್‌ನಲ್ಲಿ ಒಂದು, ಡಿಸೆಂಬರ್‌ನಲ್ಲಿ ಒಂದು. ಮೊದಲ ಸತಿ ಮೂರು ದಿನ ಮುಖ ಕೆಂಪಗೆ ಊದಿಕೊಂಡಿತ್ತಂತೆ. ನಾಲ್ಕನೇ ದಿನಕ್ಕೆ ಕೆಲಸಕ್ಕೆ ಹೋಗಿದ್ದಾರೆ. ಹೋಗದೆ ಏನು ಮಾಡುತ್ತಾರೆ? ಸೂಜಿಯಿಂದ ತೂತಾದ ಮುಖ, ಮೇಲೆ ಬಿಸಿಲು, ಮೆಣಸಿನಕಾಯಿ ಘಾಟು. ಮಲಗಿ ಎದ್ದು ಕಣ್ಣೀರು ಹಾಕುತ್ತಾ ಕೆಲಸ ಮಾಡಿದೆ ಅಂದರು. ಬಂಗು ಕಡಿಮೆಯಾಗುವ ಬದಲು ಇನ್ನೂ ಕಪ್ಪಾಗಿತ್ತು. ಕ್ಲಿನಿಕ್‌ನಲ್ಲಿ ಕೇಳಿದರೆ "ಮೂರನೇ ಸಿಟ್ಟಿಂಗ್ ಆದಮ್ಯಾಲೆ ಕಾಣ್ತೈತಿ" ಅಂದಿದ್ದಾರೆ.

ನಮ್ಮಂಥ ಗೋಧಿ ಬಣ್ಣ, ಕಪ್ಪು ಬಣ್ಣದ ಚರ್ಮದಲ್ಲಿ ಇದು ಆಗುವಂಥದ್ದೇ. ಚರ್ಮಕ್ಕೆ ಪೆಟ್ಟು ಬಿದ್ದರೆ, ಸುಟ್ಟರೆ, ಗೀರಿದರೆ ಮಾಯ್ದ ಜಾಗ ಕಪ್ಪಾಗುತ್ತೆ. ಸೊಳ್ಳೆ ಕಡಿದ ಕಲೆಯೇ ತಿಂಗಳುಗಟ್ಟಲೆ ಉಳಿಯುವುದಿಲ್ಲವೇ? ಹಾಗಾಗಿ ಸೂಜಿ ಚಿಕಿತ್ಸೆ ಆದವರು ಕೆಲವು ದಿನವಾದರೂ ಬಿಸಿಲಿಗೆ ಹೋಗಬಾರದು. ಬಿಸಿಲಲ್ಲೇ ದುಡಿಯುವ ಹೆಂಗಸಿಗೆ ಇದನ್ನು ಮಾರುವಾಗ ಈ ಮಾತು ಮೊದಲು ಹೇಳಬೇಕಿತ್ತು. ಹೇಳಿಲ್ಲ. ನಾನು ಬರೆದದ್ದರಲ್ಲೂ ಇರಲಿಲ್ಲ.

ದುಡ್ಡಿನ ಮಾತಿಗೆ ಬರೋಣ. ಮೂರು ಸಿಟ್ಟಿಂಗ್ ಪ್ಯಾಕೇಜ್ 12,000 ರೂಪಾಯಿ. ಕ್ಲಿನಿಕ್‌ನ ಹುಡುಗ ನನ್ನ ಮುಂದೆಯೇ ಲೆಕ್ಕ ಹೇಳಿದ್ದ: "ಆರು ತಿಂಗಳ ಗೃಹಲಕ್ಷ್ಮಿ ದುಡ್ಡು ಅಷ್ಟರೀ." ಆಗ ನಕ್ಕಿದ್ದೆ, ಚೆನ್ನಾಗಿ ಮಾತಾಡ್ತಾನೆ ಅಂತ. 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ಲೆಕ್ಕದಲ್ಲಿ ಮೂವತ್ತೆರಡು ದಿನದ ದುಡಿಮೆ. ಅದೂ ಒಮ್ಮೆ ಮಾಡಿಸಿದರೆ ಮುಗಿಯುವುದಿಲ್ಲ, ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಬರಬೇಕು ಅಂತ ಅವರೇ ಹೇಳುತ್ತಾರೆ.

ಇಷ್ಟು ಕೊಟ್ಟರೆ ಕೆಲಸವಾದರೂ ಆಗುತ್ತಾ? ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. 2018ರಲ್ಲಿ ಅಮೆರಿಕದ ಚರ್ಮ ವೈದ್ಯರ ಪತ್ರಿಕೆಯೊಂದರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. 27 ಜನರನ್ನು ಆರಿಸಿಕೊಂಡು, ಒಂದು ಗಲ್ಲಕ್ಕೆ ಅವರದೇ ರಕ್ತದ ಪಿಆರ್‌ಪಿ, ಇನ್ನೊಂದು ಗಲ್ಲಕ್ಕೆ ಬರೀ ಉಪ್ಪುನೀರಿನ ಇಂಜೆಕ್ಷನ್ ಕೊಟ್ಟರು. ಯಾವ ಕಡೆಗೆ ಯಾವುದು ಅಂತ ಮಾಡಿಸಿಕೊಂಡವರಿಗೂ ಹೇಳಲಿಲ್ಲ, ಪರೀಕ್ಷೆ ಮಾಡುವ ವೈದ್ಯರಿಗೂ ಹೇಳಲಿಲ್ಲ. ಆರು ತಿಂಗಳ ನಂತರ, ಪಿಆರ್‌ಪಿ ಕೊಟ್ಟ ಕಡೆ ಚರ್ಮ ಸ್ವಲ್ಪ ನಯವಾಗಿದೆ ಅಂತ ಮಾಡಿಸಿಕೊಂಡವರಿಗೆ ಅನಿಸಿತು. ವೈದ್ಯರು ನೋಡಿದರೆ ಎರಡು ಗಲ್ಲಕ್ಕೂ ಫರಕು ಕಾಣಲಿಲ್ಲ. ಅಂದರೆ ಏನೋ ಸ್ವಲ್ಪ ಇರಬಹುದು. ಆದರೆ ಪಳಗಿದ ಕಣ್ಣಿಗೇ ಕಾಣದಷ್ಟು ಸಣ್ಣದು. ಮಂಡಿ ನೋವಿನಲ್ಲೂ ಇದೇ ಆಯಿತು. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಮಾಡಿದ ಪ್ರಯೋಗದ ಫಲ 2021ರಲ್ಲಿ ಬಂತು. ಒಂದು ವರ್ಷದ ನಂತರ ನೋಡಿದರೆ ಪಿಆರ್‌ಪಿ ಉಪ್ಪುನೀರಿಗಿಂತ ಹೆಚ್ಚೇನೂ ಮಾಡಿರಲಿಲ್ಲ.

ಇನ್ನೊಂದು ತೊಡಕಿದೆ. ಪಿಆರ್‌ಪಿ ಅಂದರೆ ಎಲ್ಲ ಕಡೆ ಒಂದೇ ಪದಾರ್ಥ ಅಲ್ಲ. ಯಂತ್ರವನ್ನು ಎಷ್ಟು ಜೋರಾಗಿ, ಎಷ್ಟು ಹೊತ್ತು, ಎಷ್ಟು ಸತಿ ತಿರುಗಿಸಬೇಕು ಅನ್ನೋದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ನಿಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಎಷ್ಟಿದೆ ಅನ್ನೋದರ ಮೇಲೂ ಹೋಗುತ್ತೆ. ಮಾತ್ರೆ ಆದರೆ ಮೇಲೆ ಎಂಜಿ ಬರೆದಿರುತ್ತೆ. ಇದರ ಮೇಲೆ ಏನೂ ಬರೆದಿಲ್ಲ.

ಹಾನಿ ಅಂದರೆ ಬರೀ ಸೋಂಕಲ್ಲ. ಹುಬ್ಬಿನ ಸುತ್ತ, ಹಣೆ ಮೇಲೆ ಚುಚ್ಚುವಾಗ ಇಂಜೆಕ್ಷನ್ ರಕ್ತನಾಳಕ್ಕೆ ಹೋಗಿ ಕಣ್ಣಿನ ದೃಷ್ಟಿಯೇ ಹೋದ ಅಪರೂಪದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಮುಖದ ನಾಳಗಳ ನಕ್ಷೆ ತಿಳಿದವರು ಚುಚ್ಚುವುದಕ್ಕೂ ಆರು ವಾರದ ಕೋರ್ಸ್ ಮಾಡಿದವರು ಚುಚ್ಚುವುದಕ್ಕೂ ಇರುವ ವ್ಯತ್ಯಾಸ ಇದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಪ್ಲೇಟ್‌ಲೆಟ್ ಕಡಿಮೆ ಇರುವವರು, ಮುಖದಲ್ಲಿ ಕೀವು ಮೊಡವೆ ಇರುವವರು, ಗರ್ಭಿಣಿಯರು ಮಾಡಿಸಿಕೊಳ್ಳಬಾರದು. ನನ್ನನ್ನು ಇದರಲ್ಲಿ ಒಂದನ್ನೂ ಕೇಳದೆ ತೋಳಿಗೆ ಪಟ್ಟಿ ಕಟ್ಟಿದ್ದರು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ 48% ಜನಕ್ಕೆ ರಕ್ತಹೀನತೆ ಇದೆ. ಇಪ್ಪತ್ತು ಎಂಎಲ್ ತೆಗೆದರೆ ಅದರಿಂದ ಅಪಾಯವೇನಿಲ್ಲ. ಆದರೂ ಮುಖ ಕಳೆಗುಂದಿದೆ ಅಂತ ಬಂದ ಹೆಂಗಸಿನ ರಕ್ತ ಕೈಯಲ್ಲಿ ಹಿಡಿದುಕೊಂಡು ಹಿಮೋಗ್ಲೋಬಿನ್ ಎಷ್ಟು ಅಂತ ಯಾರೂ ನೋಡುವುದಿಲ್ಲ ಅನ್ನೋದು ನನಗೆ ವಿಚಿತ್ರ ಅನಿಸುತ್ತೆ.

ಇದನ್ನೆಲ್ಲ ಗೆಳೆಯರ ಗುಂಪಿನಲ್ಲಿ ಹೇಳಿದಾಗ ಒಬ್ಬರು, "ಹಳ್ಳಿ ಹೆಂಗಸರಿಗೆ ಯಾಕೆ ಬೇಕಿತ್ತು ಈ ಶೋಕಿ?" ಅಂದರು. ಈ ಮಾತಿಗೆ ನನಗೆ ಸಿಟ್ಟು ಬರುತ್ತೆ. ಅರವತ್ತರ ರಾಜಕಾರಣಿ ಕೂದಲು ನೆಡಿಸಿಕೊಂಡರೆ ಯಾರೂ ಕೇಳುವುದಿಲ್ಲ. ಇಪ್ಪತ್ತು ವರ್ಷ ಬಿಸಿಲಲ್ಲಿ ದುಡಿದ ಹೆಂಗಸು ಮಗಳ ಮದುವೆ ಫೋಟೋದಲ್ಲಿ ಚೆನ್ನಾಗಿ ಕಾಣಬೇಕು ಅಂದುಕೊಂಡರೆ ಶೋಕಿ. ಬಂಗು ಬಂದವಳನ್ನು ‘ಏನವ್ವಾ, ಮುಖಾ ಹಿಂಗ್ಯಾಕ ಸುಟ್ಟೈತಿ’ ಅಂತ ಸಂತೆಯಲ್ಲಿ ಕೇಳುವವರೂ ನಾವೇ ಅಲ್ಲವೇ? ಆಸೆ ಪಟ್ಟದ್ದು ಆ ಅಕ್ಕನ ತಪ್ಪಲ್ಲ. ಆಸೆಗೆ ಸರಿಯಾದ ದಾರಿ ತೋರಿಸುವವರು ಹತ್ತಿರದಲ್ಲಿ ಇರಲಿಲ್ಲ, ತಪ್ಪು ದಾರಿ ತೋರಿಸಲು ನಾನಿದ್ದೆ.

ಬಂಗು ಅನ್ನೋದು ಹೊಲಸಲ್ಲ, ಶಾಪವಲ್ಲ. ಬಿಸಿಲು, ಬಸುರಿನ ಸಮಯದ ಹಾರ್ಮೋನು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ, ಇವುಗಳಿಂದ ಬರುತ್ತೆ. ತಿಳಿಯಾಗುತ್ತೆ, ಬಿಸಿಲು ತಾಗಿದರೆ ಮತ್ತೆ ಬರುತ್ತೆ. ‘ಪೂರ್ತಿ ಹೋಗಲಾಡಿಸುತ್ತೇವೆ’ ಅಂತ ಗ್ಯಾರಂಟಿ ಕೊಟ್ಟವರು ಯಾರೇ ಆಗಲಿ ಸುಳ್ಳು ಹೇಳುತ್ತಿದ್ದಾರೆ. ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ, ಹುಬ್ಬಳ್ಳಿ ಕಿಮ್ಸ್‌ನಲ್ಲಿ ಇದಕ್ಕೆ ಓಪಿಡಿ ಚೀಟಿ ಮಾಡಿಸಿ ತೋರಿಸಬಹುದು. ಆದರೆ ಒಂದು ದಿನದ ಕೂಲಿ ಹೋಗುತ್ತೆ, ಬಸ್ಸು ಎರಡು ಬದಲಾಯಿಸಬೇಕು, ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಹೆಚ್ಚಿನವರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಅಲ್ಲಿ ಸ್ಟೆರಾಯ್ಡ್ ಬೆರೆಸಿದ ಕ್ರೀಮ್ ಕೊಡುತ್ತಾರೆ. ಇಂಥ ಕ್ರೀಮುಗಳಲ್ಲಿ ಹಲವನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಹಚ್ಚಿದ ಎರಡು ವಾರ ಮುಖ ಬೆಳ್ಳಗಾಗುತ್ತೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಕೆಂಪು ನಾಳ ಕಾಣಿಸಿ, ಬಿಟ್ಟರೆ ಉರಿಯುವ ಸ್ಥಿತಿ ಬರುತ್ತೆ. ಆ ಉರಿಯುವ ಮುಖ ಹೊತ್ತುಕೊಂಡೇ ಎಷ್ಟೋ ಜನ ಕ್ಲಿನಿಕ್ ಮೆಟ್ಟಿಲು ಹತ್ತುವುದು.

ಆ ಅಕ್ಕನನ್ನು ಫೆಬ್ರವರಿಯಲ್ಲಿ ನಾನೇ ಸ್ಕೂಟಿ ಮೇಲೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆ. ಚರ್ಮದ ಡಾಕ್ಟರ್ ಸಿಟ್ಟು ಮಾಡಲಿಲ್ಲ. ಮೂರನೇ ಸಿಟ್ಟಿಂಗ್ ಬೇಡ ಅಂದರು, ಸನ್‌ಸ್ಕ್ರೀನ್ ಬರೆದರು, ಬೆಳಿಗ್ಗೆ ಹಚ್ಚಿ ಮಧ್ಯಾಹ್ನ ಮತ್ತೆ ಹಚ್ಚಬೇಕು, ಸೆರಗು ಮುಂದಕ್ಕೆ ಎಳೆದುಕೊಳ್ಳಬೇಕು, ಅಗಲ ಅಂಚಿನ ಟೊಪ್ಪಿಗೆ ಆದರೆ ಇನ್ನೂ ಒಳ್ಳೆಯದು ಅಂದರು. ಆಮೇಲೆ ಅವರನ್ನು ಕೂರಿಸಿಕೊಂಡು ರಕ್ತ ಪರೀಕ್ಷೆ ಬಗ್ಗೆ ಹೇಳಿದೆ. ಅದನ್ನು ಹೇಳುವುದು ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. "ಅಂದ್ರ ನನಗ ಆ ರೋಗ ಬಂದೈತೇನು?" ಅಂತ ನನ್ನ ಕೈ ಹಿಡಿದುಕೊಂಡರು. ಮದುವೆಗೆ ಇಪ್ಪತ್ತು ದಿನ ಇತ್ತು.

ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರದಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿಯೂ ಇಡುತ್ತಾರೆ. ಸೋಂಕು ತಗಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣದಿರಬಹುದು, ಆದ್ದರಿಂದ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಕಾಮಾಲೆ ತರುವ ಹೆಪಟೈಟಿಸ್ ಬಿ ಮತ್ತು ಸಿ ಎರಡಕ್ಕೂ ಮಾಡಿಸಿದೆವು, ಅವೂ ರಕ್ತದಿಂದಲೇ ಹರಡುವುದು. ಫೆಬ್ರವರಿಯಲ್ಲಿ ಒಮ್ಮೆ, ಡಿಸೆಂಬರ್ ಸಿಟ್ಟಿಂಗ್‌ಗೆ ಮೂರು ತಿಂಗಳು ತುಂಬಿದ ಮೇಲೆ ಇನ್ನೊಮ್ಮೆ. ಎರಡು ಸತಿಯೂ ಎಲ್ಲ ನೆಗೆಟಿವ್. ಬರೆಯಬಹುದಾ ಅಂತ ಕೇಳಿದ್ದಕ್ಕೆ, "ಹೆಸರು ಬ್ಯಾಡ, ಉಳಿದದ್ದು ಬರೀರಿ" ಅಂದರು. ಆ ನಡುವಿನ ದಿನಗಳಲ್ಲಿ ಅವರು ಮಗಳಿಗೆ ಅರಿಶಿನ ಹಚ್ಚಿದರು, ಅಕ್ಕಿಕಾಳು ಹಾಕಿದರು, ಫೋಟೋಕ್ಕೆ ನಿಂತರು. ಒಳಗೇನಿತ್ತು ಅಂತ ನನಗೆ ಮತ್ತು ಅವರಿಗೆ ಮಾತ್ರ ಗೊತ್ತಿತ್ತು.

ಇಂಥ ಕಡೆ ಮಾಡಿಸಿಕೊಂಡು ಈಗ ಇದನ್ನು ಓದುತ್ತಿರುವವರು ಹೆದರಬೇಡಿ, ಆದರೆ ಸುಮ್ಮನಿರಬೇಡಿ. ಬೇರೆಯವರ ಸೂಜಿ ಬಳಸಿದ್ದಾರೆ ಅಂತ ಅದೇ ದಿನ ಅಥವಾ ಮರುದಿನ ಗೊತ್ತಾದರೆ ಕೂಡಲೇ ಜಿಲ್ಲಾಸ್ಪತ್ರೆಗೆ ಹೋಗಿ. 72 ಗಂಟೆಯೊಳಗೆ ಶುರು ಮಾಡಿ 28 ದಿನ ಮಾತ್ರೆ ತಗೊಂಡರೆ ಎಚ್‌ಐವಿ ತಡೆಯಬಹುದು. ತಡವಾಗಿದ್ದರೆ ಪರೀಕ್ಷೆ ಮಾಡಿಸಿ. ಯಾರನ್ನೂ ಕೇಳಲು ಮುಜುಗರ ಅನಿಸಿದರೆ 1097 ಸಂಖ್ಯೆಗೆ ಉಚಿತವಾಗಿ ಫೋನ್ ಮಾಡಬಹುದು.

ಮಾಡಿಸಲೇಬೇಕು ಅಂತಿದ್ದೀರಾ? ಅದು ನಿಮ್ಮ ಮುಖ, ನಿಮ್ಮ ದುಡ್ಡು. ಕುರ್ಚಿಯಲ್ಲಿ ಕೂರುವ ಮೊದಲು ಗೋಡೆ ನೋಡಿ. ನಮ್ಮ ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು 2007ರ ಕೆಪಿಎಂಇ ಕಾಯ್ದೆಯಡಿ ನೋಂದಣಿ ಬೇಕು. ಅದರ ಪ್ರಮಾಣಪತ್ರ ಎಲ್ಲರಿಗೂ ಕಾಣುವಂತೆ ತೂಗುಹಾಕಿರಬೇಕು. ಬ್ಯೂಟಿ ಪಾರ್ಲರ್ ಲೈಸೆನ್ಸ್ ಬೇರೆ, ಇದು ಬೇರೆ. ಚುಚ್ಚುವವರು ಚರ್ಮರೋಗ ಓದಿದ ಡಾಕ್ಟರಾ, ಅವರೇ ಚುಚ್ಚುತ್ತಾರಾ ಅಂತ ಬಾಯಿಬಿಟ್ಟು ಕೇಳಿ. ರಕ್ತ ತೆಗೆದ ಕೂಡಲೇ, ನಿಮ್ಮ ಕಣ್ಣೆದುರೇ ಟ್ಯೂಬಿನ ಮೇಲೆ ನಿಮ್ಮ ಹೆಸರು ಬರೆಯಲಿ. ಬೇಕಾದರೆ ಪೆನ್ನು ನೀವೇ ಒಯ್ಯಿರಿ. ಸೂಜಿ, ರೋಲರ್ ಎರಡನ್ನೂ ಪ್ಯಾಕೆಟ್ಟಿನಿಂದ ನಿಮ್ಮ ಮುಂದೆ ಒಡೆಯಲಿ, ಆದಮೇಲೆ ಸೂಜಿಯನ್ನು ತೂತಾಗದ ಬಿಳಿ ಡಬ್ಬಿಗೆ ಹಾಕಲಿ. ಇಷ್ಟಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ. ಫೋನ್ ಬಂತು ಅಂತ ನನ್ನ ಹಾಗೆ ಸುಳ್ಳು ಹೇಳಬೇಕಾಗಿಲ್ಲ.

ನಾನು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಲಿಖಿತ ದೂರು ಕೊಟ್ಟಿದ್ದೇನೆ. ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಅವರಿಗೂ ಪ್ರತಿ ಹೋಗಿದೆ, ಸ್ವೀಕೃತಿ ಸಿಕ್ಕಿದೆ. ಪರಿಶೀಲನೆ ನಡೆಯಲಿ ಅಂತ ಇಲ್ಲಿ ಹೆಸರು ಬರೆದಿಲ್ಲ. ಆ ಕ್ಲಿನಿಕ್ ಈಗಲೂ ತೆರೆದಿದೆ.

ನಮ್ಮ ಪತ್ರಿಕೋದ್ಯಮದ ಬಗ್ಗೆಯೂ ಹೇಳದಿದ್ದರೆ ಈ ಬರಹ ಅರ್ಧ ಆಗುತ್ತೆ. ವೈದ್ಯರು ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡಬಾರದು ಅಂತ ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲೇ ಇದೆ. ಜಾಹೀರಾತನ್ನು ಸುದ್ದಿಯಿಂದ ಬೇರೆಯಾಗಿ ಕಾಣುವಂತೆ ಹಾಕಬೇಕು ಅಂತ ಪ್ರೆಸ್ ಕೌನ್ಸಿಲ್ ಹೇಳುತ್ತೆ. ಇದನ್ನು ಡಿಪ್ಲೊಮಾದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತಗೊಂಡಿದ್ದೇವೆ. ಈ ಬ್ಲಾಗಿನಲ್ಲಿ ಬರೆಯುವ ನಮ್ಮಲ್ಲಿ ಎಷ್ಟು ಜನ ಇಂಥ ‘ವಿಶೇಷ ಲೇಖನ’ ಬರೆದಿಲ್ಲ? ಜ್ಯೋತಿಷಿ, ಮೂಲವ್ಯಾಧಿ ಕ್ಲಿನಿಕ್, ಸಂತಾನ ಕೇಂದ್ರ, ಕೀಲುನೋವಿನ ಎಣ್ಣೆ. ‘ಅದು ನನ್ನ ಹೆಸರಲ್ಲಿ ಬಂದಿಲ್ಲವಲ್ಲ’ ಅಂತ ನಾನೂ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಓದುವವರಿಗೆ ಹೆಸರು ಯಾರಿಗೆ ಬೇಕು, ಪೇಪರಿನಲ್ಲಿ ಬಂದಿದೆ ಅನ್ನೋದೇ ಸಾಕು. ನಾನು ಬರೆದದ್ದು ತಪ್ಪಾಗಿತ್ತು ಅಂತ ತಿದ್ದುಪಡಿ ಹಾಕಲು ಕೇಳಿದೆ. ‘ಜಾಹೀರಾತಿಗೆ ತಿದ್ದುಪಡಿ ಹಾಕಲ್ಲ’ ಅಂದರು. ಅಂದರೆ ಅದು ಜಾಹೀರಾತು ಅಂತ ಅವರೂ ಒಪ್ಪಿದ ಹಾಗಾಯಿತು, ಓದುಗರಿಗೆ ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅರ್ಧ ಪುಟಕ್ಕೆ ನನಗೆ ಬಂದ ಕಮಿಷನ್ 2,700 ರೂಪಾಯಿ. ಅದನ್ನು ಆ ಅಕ್ಕನ ಸಂಘದ ಕಂತಿಗೆ ಕಟ್ಟುತ್ತೇನೆ ಅಂದಾಗ ಬೇಡವೇ ಬೇಡ ಅಂದರು. ಎರಡು ದಿನ ಮಾತಾಡಿಸಲಿಲ್ಲ. ಕೊನೆಗೆ ಎರಡು ಕಂತು ಕಟ್ಟಲು ಒಪ್ಪಿದ್ದಾರೆ, ಇನ್ನೂ ಏಳು ಬಾಕಿ ಇವೆ.

ಮೊನ್ನೆ ಜಾಹೀರಾತು ವಿಭಾಗದಿಂದ ಫೋನ್ ಬಂದಿತ್ತು, ಯುಗಾದಿ ಪುರವಣಿಗೆ. ದೀಪಾವಳಿಗೆ ಕೊಟ್ಟವರನ್ನೇ ಇನ್ನೊಮ್ಮೆ ಕೇಳಿ ಅಂದರು. ಆ ಕ್ಲಿನಿಕ್‌ಗೆ ನಾನು ಹೋಗಲ್ಲ, ಸುದ್ದಿ ತರಹದ ಜಾಹೀರಾತನ್ನೂ ಬರೆಯಲ್ಲ ಅಂದೆ. ಮತ್ತೆ ಟಾರ್ಗೆಟ್ ಹೇಗೆ ತುಂಬುತ್ತೀರಿ ಅಂತ ಕೇಳಿದರು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.